ತೊಲೆಯಿಲ್ಲದ ಅರಮನೆ

ಕಿತ್ತೂರು ಕೋಟೆಯೊಳಗಿನ ಅರಮನೆಯಲ್ಲಿ ಈಗ ಗೋಡೆಗಳಿವೆ, ಸೂರಿಲ್ಲ. ಬಿಸಿಲು ನೇರವಾಗಿ ನಡುಮನೆಗೇ ಇಳಿಯುತ್ತದೆ. ಕೆಳಗೆ ಕಪ್ಪು ಕಲ್ಲಿನ ಗಟ್ಟಿ ಪಾಯ, ಮೇಲೆ ಕಲ್ಲು ಮಣ್ಣು ಬೆರೆತ ದಪ್ಪ ಗೋಡೆ, ಅದರ ಮೈಗೆ ಅಲ್ಲಲ್ಲಿ ಇನ್ನೂ ಅಂಟಿಕೊಂಡ ಗಾರೆ. ಗೋಡೆಯುದ್ದಕ್ಕೂ ಕಮಾನಿನ ಗೂಡುಗಳು. ದೀಪ ಇಡುವ ಗೂಡು ಎಂದು ನೋಡಲು ಬಂದವರು ಮುಂದೆ ಸರಿದುಬಿಡುತ್ತಾರೆ. ಒಂದರ ಮುಂದಾದರೂ ತುಸು ಹೊತ್ತು ನಿಲ್ಲಬೇಕು. ಮೇಲೆ ಹೋಗುತ್ತ ಮೆಲ್ಲಗೆ ಚೂಪಾಗುವ ಆ ಕಮಾನಿನ ರೂಪು ಬಂದದ್ದು ವಿಜಾಪುರದ ಕಡೆಯಿಂದ. ಆದಿಲ್‌ಶಾಹಿ ದಂಡಿನೊಡನೆ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು 1585ರಲ್ಲಿ ಸಂಪಗಾವಿಯಲ್ಲಿ ನೆಲೆ ನಿಂತು ಈ ದೇಸಗತಿಗೆ ಮೊದಲು ಮಾಡಿದರು. ಮುಂದಿನ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ರಾಜಧಾನಿಯನ್ನು ಕಿತ್ತೂರಿಗೆ ತಂದು ಕೋಟೆ ಕಟ್ಟಿಸಿದ. ಗೋಡೆ ಈ ನಾಡಿನದು, ಗೂಡಿನ ಬಾಗು ಆದಿಲ್‌ಶಾಹಿಯದು. ಎರಡೂ ಹೊಂದಿಕೊಂಡು ಕೂತಿವೆ.

ದರ್ಬಾರು ನಡೆಯುತ್ತಿದ್ದ ಪಡಸಾಲೆಯ ನೆಲದಲ್ಲಿ ಕಂಬ ಹೊರುತ್ತಿದ್ದ ಕಲ್ಲುಗಳು ಮಾತ್ರ ಉಳಿದಿವೆ. ಅವುಗಳ ಮೇಲೆ ನಿಂತಿದ್ದದ್ದು ಸಾಗವಾನಿ. ಪಶ್ಚಿಮದ ಕಾಡು ಕಿತ್ತೂರಿಗೆ ದೂರವಿಲ್ಲ. ಅಳ್ನಾವರ, ಖಾನಾಪುರದ ಆಚೆ ಸಾಗವಾನಿ ಧಾರಾಳ. ನಮ್ಮ ಕಡೆಯ ವಾಡೆಯೆಂದರೆ ಅರ್ಧ ಮಣ್ಣು-ಕಲ್ಲಿನ ಕೆಲಸ, ಅರ್ಧ ಬಡಗಿಯ ಕೆಲಸ. ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲದರ ಮೇಲೆ ಮಾಳಿಗೆಯ ಮಣ್ಣು. ಆ ಮಣ್ಣಿನ ಭಾರವೇ ಕಟ್ಟಡವನ್ನು ಅದುಮಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಒಳಗನ್ನು ತಂಪಾಗಿಡುತ್ತದೆ. ಮಳೆಗಾಲಕ್ಕೆ ಮೊದಲು ಮಾಳಿಗೆ ಹತ್ತಿ ಹೊಸ ಮೇಲ್ಮುದ್ದೆ ಹಾಕಿದರೆ ಅಂಥ ಮನೆ ತಲೆಮಾರುಗಟ್ಟಲೆ ಬಾಳುತ್ತದೆ. ತೊಲೆ ಹೋಯಿತೋ, ನೀರು ನೇರ ಗೋಡೆಯ ನೆತ್ತಿಗೆ ಇಳಿಯುತ್ತದೆ. ಮಣ್ಣಿನ ಗೋಡೆಗೆ ಹೊಡೆತ ಬೀಳುವುದು ನೆತ್ತಿಯಿಂದಲೇ. ಕಿತ್ತೂರಿಗೆ ಆದದ್ದೂ ಇದೇ. 1824ರ ಅಕ್ಟೋಬರ್ 23ರಂದು ಈ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಬ್ರಿಟಿಷರ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಇತ್ತ ಅರಮನೆ ಸೂರು ಕಳೆದುಕೊಂಡು ಎರಡು ಶತಮಾನ ಮಳೆಗೆ ಒಡ್ಡಿಕೊಂಡು ನಿಂತಿತು.

ಅರಮನೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಜಾಗಗಳು ಎರಡು. ಒಂದು ಬಚ್ಚಲು. ಕಟ್ಟಿದ ತೊಟ್ಟಿಗಳು, ಅವಕ್ಕೆ ನೀರು ಬರುವ ದಾರಿ, ಬಳಸಿದ ನೀರು ಹೊರಗೆ ಹೋಗುವ ದಾರಿ, ಎಲ್ಲವನ್ನೂ ಇಂದಿಗೂ ಕಣ್ಣಿನಲ್ಲೇ ಹಿಂಬಾಲಿಸಬಹುದು. ಕತ್ತಿ, ಸಿಂಹಾಸನಗಳ ಮಾತು ಎಲ್ಲ ಅರಮನೆಗಳಲ್ಲೂ ಇದೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಕಟ್ಟುವ ಮೊದಲೇ ಯೋಚಿಸಿದವನ ಜಾಣತನ ನನಗೆ ಅದಕ್ಕಿಂತ ದೊಡ್ಡದು. ಇನ್ನೊಂದು, ಗೋಡೆಯಲ್ಲಿ ಕೂರಿಸಿದ ಧ್ರುವನಕ್ಷತ್ರ ನೋಡುವ ಕೊಳವೆ. ಕಿತ್ತೂರು ಇರುವುದು ಉತ್ತರ ಅಕ್ಷಾಂಶದ ಸುಮಾರು ಹದಿನೈದೂವರೆ ಡಿಗ್ರಿಯಲ್ಲಿ. ಹಾಗಾಗಿ ಧ್ರುವ ಇಲ್ಲಿ ಬಡಗಣ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಕಾಣುತ್ತಾನೆ. ಕೊಳವೆ ತುಸು ಹೆಚ್ಚು ಓರೆಯಾದರೂ ಬರಿ ಆಕಾಶ, ಕಡಿಮೆಯಾದರೆ ಮರಗಳ ತುದಿ. ಆಕಾಶ ಬಲ್ಲವನೊಬ್ಬ ರಾತ್ರಿ ಗೌಂಡಿಯ ಪಕ್ಕ ನಿಂತು ಅದರ ಓರೆಯನ್ನು ಹೇಳಿಕೊಟ್ಟಿರಲೇಬೇಕು.

ಸೂರು ಉಳಿದಿದ್ದರೆ ಏನಾಗುತ್ತಿತ್ತು? ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹ್ಯಾಡನ್ ಹಾಲ್ ಎಂಬ ಕಲ್ಲಿನ ಹಳೆಯ ಜಮೀನುದಾರಿ ಮನೆಯಿದೆ. ಎರಡು ಅಂಗಳ, ನಡುವೆ ಹದಿನಾಲ್ಕನೆಯ ಶತಮಾನದ ದೊಡ್ಡ ಪಡಸಾಲೆ. ನಕ್ಷೆ ನೋಡಿದರೆ ನಮ್ಮ ದೇಸಾಯರ ವಾಡೆಗೆ ಅದು ದೂರದ್ದೆನಿಸುವುದಿಲ್ಲ: ಅಲ್ಲಿಯೂ ಅಂಗಳ ದಾಟಿಯೇ ಯಜಮಾನನ ಮುಂದೆ ಬರಬೇಕು. ಸುಮಾರು 1700ರ ಹೊತ್ತಿಗೆ ಮನೆತನದವರು ಬೇರೆ ಕಡೆಗೆ ಹೋದರು. ಎರಡು ನೂರು ವರ್ಷ ಹೆಚ್ಚುಕಡಿಮೆ ಖಾಲಿಯಿದ್ದರೂ ಮನೆ ಬೀಳಲಿಲ್ಲ, ಏಕೆಂದರೆ ಅದರ ಮರವನ್ನು ಯಾರೂ ಬಿಚ್ಚಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾರಸುದಾರ ಮರಳಿ ಬಂದು ಪಡಸಾಲೆಗೆ ಓಕ್ ಮರದ ಹೊಸ ಮಾಡು ಹೊದಿಸಿದ. ಖಾಲಿ ಬಿದ್ದ ಮನೆ ಉಳಿದೀತು. ಸೂರು ಕಳೆದುಕೊಂಡ ಮನೆ ಉಳಿಯದು.

ಮತ್ತೆ ನಮ್ಮ ಸೀಮೆಗೆ ಬಂದರೆ, ಕಿತ್ತೂರಿನಿಂದ ಮೂಡಣಕ್ಕೆ ಸವದತ್ತಿಯ ಕಡೆ ನಡೆದಂತೆ ಕಲ್ಲು ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು, ತಿಳಿಗಂದು ಬಣ್ಣದ ಮರಳುಗಲ್ಲು ಬರುತ್ತದೆ. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋಗಿರುವುದು ಈ ಕಲ್ಲಿನ ಗುಡ್ಡವನ್ನೇ; ರಾಮದುರ್ಗದ ಗುಡ್ಡಗಳೂ ಇದೇ ಸಾಲಿನವು. ಸವದತ್ತಿಯ ಕೋಟೆಯನ್ನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದವನು ಶಿರಸಂಗಿಯ ಜಾಯಪ್ಪ ದೇಸಾಯಿ. ಎಂಟು ಹುಡೇವುಗಳ, ಅಂದರೆ ಕೊತ್ತಲಗಳ, ನಡುವೆ ಕಾಡಸಿದ್ಧೇಶ್ವರ ಗುಡಿ, ಅದರ ಸುತ್ತಿನ ಪಡಸಾಲೆಯಲ್ಲಿ ವಜ್ರಾಕೃತಿಯ ಕೆತ್ತನೆಗಳು. ಒಂದೊಂದನ್ನೇ ಬೆರಳಿಂದ ಸವರುತ್ತ ಹೋದರೆ ಮಧ್ಯಾಹ್ನ ಕಳೆಯುತ್ತದೆ.

ಕಿತ್ತೂರಿನಲ್ಲಿ ಕಳೆದುಹೋದ ಮರವನ್ನು ಊಹಿಸಿಕೊಳ್ಳಬೇಕಾದವರು ಎರಡು ಕಡೆ ಹೋಗಬೇಕು. ಒಂದು, ಅಲ್ಲಿಯ ಕೋಟೆಯಲ್ಲೇ ಇರುವ ವಸ್ತುಸಂಗ್ರಹಾಲಯ. ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿಗಳ ಕೆಲಸ ಅಲ್ಲಿ ಕಾಣಸಿಗುತ್ತದೆ. ಇನ್ನೊಂದು ಸವದತ್ತಿ ಸೀಮೆಯ ಶಿರಸಂಗಿಯ ವಾಡೆ. ಅಲ್ಲಿಯ ಕೊನೆಯ ದೊಡ್ಡ ಹೆಸರು ಲಿಂಗರಾಜ ದೇಸಾಯಿ. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. 1906ರಲ್ಲಿ ತೀರಿಕೊಳ್ಳುವ ಮೊದಲು ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟವರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು. ದೇಸಗತಿ ಹೋಯಿತು, ವಾಡೆ ನಿಂತಿದೆ. ಕಿತ್ತೂರಿಗೆ ಮಕ್ಕಳನ್ನು ಕರೆತರುವ ಮಾಸ್ತರರು ಅದೇ ಬಸ್ಸಿನಲ್ಲಿ ಶಿರಸಂಗಿಗೂ ಕರೆದೊಯ್ಯಲಿ. ಕಂಬದ ಕಲ್ಲನ್ನು ಕಿತ್ತೂರಿನಲ್ಲಿ ನೋಡಿದ ಮಕ್ಕಳು ಕಂಬವನ್ನು ಶಿರಸಂಗಿಯಲ್ಲಿ ಮುಟ್ಟಿ ನೋಡಲಿ.