ಸೆಪ್ಟೆಂಬರ್ 17ರ ಆಚೆಗೆ

ಮುನಿರಾಬಾದಿನಲ್ಲಿ ನಿಂತು ಅಣೆಕಟ್ಟು ನೋಡುವ ಹುಡುಗರಿಗೆ, ಈ ಹೊಳೆ ಒಂದು ಕಾಲಕ್ಕೆ ಗಡಿಯಾಗಿತ್ತೆಂದರೆ ನಂಬಿಕೆ ಬಾರದು. ಈ ದಡ ನಿಜಾಮರದು, ಆಚೆಯ ಹೊಸಪೇಟೆ ಮದ್ರಾಸ್ ಪ್ರಾಂತದ್ದು. 1945ರಲ್ಲಿ ಎರಡೂ ಕಡೆಯವರು ಅಡಿಗಲ್ಲು ಹಾಕಿದರು. ನೀರಿನ ಮಾತಿಗೆ ಒಪ್ಪಿದ ದೊರೆತನ ಜನರ ಮಾತಿಗೆ ಒಪ್ಪಲಿಲ್ಲ. 1947ರ ನವೆಂಬರಿನ ಯಥಾಸ್ಥಿತಿ ಒಪ್ಪಂದದ ಮೇಲೆ ಹತ್ತು ತಿಂಗಳು ಹೀಗೇ ಎಳೆಯಿತು. ಅಷ್ಟರಲ್ಲಿ ಧರ್ಮದ ಹೆಸರೆತ್ತಿ ರಜಾಕಾರರು ಹಳ್ಳಿಗಳನ್ನು ಸುಲಿದರು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ಹೂಡಿ ಹೋರಾಡಿದರು. 1948ರ ಸೆಪ್ಟೆಂಬರ್ 13ರಂದು ಸೇನೆ ನುಗ್ಗಿತು; ಐದೇ ದಿನಕ್ಕೆ ಯುದ್ಧ ಮುಗಿಯಿತು.

ಕಥೆಯನ್ನು ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಅದರ ಬೆನ್ನಿಗೇ ಕಲಬುರ್ಗಿ, ಬೀದರ್ ಕಡೆ, ಮರಾಠವಾಡದಲ್ಲಿ, ರಜಾಕಾರರೊಡನೆ ಸಂಬಂಧವೇ ಇಲ್ಲದ ಬಡ ಮುಸಲ್ಮಾನರ ಮೇಲೆ ಸೇಡು ತೀರಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ವರದಿ ದಿಲ್ಲಿಯ ಕಪಾಟು ಸೇರಿತು. ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ಬಚ್ಚಿಟ್ಟವರು ಅವರು, ಸರಿ. ಅಷ್ಟು ವರ್ಷ ಕೇಳದೆ ಕೂತವರು ನಾವು. 17ರ ಧ್ವಜವಂದನೆಗೆ ನಾನೂ ಹೋಗುತ್ತೇನೆ, ಸಿಹಿ ತಿಂದು ಬರುತ್ತೇನೆ. ಭಾಷಣಗಳಲ್ಲಿ ಆ ಸಮಿತಿಯ ಹೆಸರು ಇದುವರೆಗೆ ನನ್ನ ಕಿವಿಗೆ ಬಿದ್ದಿಲ್ಲ.