ಉದ್ಯೋಗ ಬಿಡದ ಇಸ್ಪೀಟುಗಾರ

ದ್ಯೂತವೆಂಬ ಮಾತು ಕಿವಿಗೆ ಬಿದ್ದೊಡನೆ ಧರ್ಮರಾಯನ ಸೋಲೂ ನಳಮಹಾರಾಜನ ವನವಾಸವೂ ನಮ್ಮ ನೆನಪಿಗೆ ಬರುತ್ತವೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಪ್ರಲಾಪವೇ ಒಂದು ಸೂಕ್ತವಾಗಿದೆ. ಇಷ್ಟು ಪ್ರಾಚೀನವಾದ ಈ ವ್ಯಸನವು ಇಂದಿಗೂ ಲೋಕವನ್ನು ಬಿಟ್ಟಿಲ್ಲ. ಪೋಕರ್ ಎಂಬ ಇಸ್ಪೀಟಾಟವು ಅಮೆರಿಕಾ ದೇಶದಲ್ಲಿ ಪಂದ್ಯಾವಳಿಯ ರೂಪವನ್ನು ತಾಳಿ, ಬೇರೆ ಉದ್ಯೋಗವುಳ್ಳ ಗೃಹಸ್ಥರನ್ನೂ ತನ್ನೆಡೆಗೆ ಸೆಳೆದಿದೆ. ಇಂತಹ ಅರೆವೃತ್ತಿಯ ಆಟಗಾರನ ಬಾಳು ಎಂತಹದೆಂಬುದನ್ನು ಗ್ರೆಗ್ ರೇಮರ್ ಎಂಬವರ ಚರಿತ್ರೆಯಿಂದ ವಾಚಕರಿಗೆ ತಿಳಿಸಬೇಕೆಂದಿದ್ದೇವೆ.

1964ರಲ್ಲಿ ಜನಿಸಿದ ರೇಮರರು ಮೊದಲು ರಸಾಯನಶಾಸ್ತ್ರವನ್ನೂ ಅನಂತರ ನ್ಯಾಯಶಾಸ್ತ್ರವನ್ನೂ ಅಭ್ಯಸಿಸಿ, ಪೇಟೆಂಟು ವಿಷಯಗಳ ವಕೀಲರಾದರು. ಕನೆಕ್ಟಿಕಟ್ ಸಂಸ್ಥಾನದಲ್ಲಿ ಫೈಜರ್ ಎಂಬ ಔಷಧ ತಯಾರಕರಲ್ಲಿ ಅವರಿಗೆ ಉದ್ಯೋಗವಿತ್ತು. ಬಿಡುವಿನ ವೇಳೆಯಲ್ಲಿ ಅವರು ಅದೇ ಸಂಸ್ಥಾನದ ಫಾಕ್ಸ್‌ವುಡ್ಸ್ ಎಂಬ ಕ್ಯಾಸಿನೋದಲ್ಲಿ ಆಡುತ್ತಿದ್ದರು. ತಮ್ಮ ಎಲೆಗಳ ಮೇಲೆ ಒಂದು ಪಳೆಯುಳಿಕೆಯ ಕಲ್ಲನ್ನು ಇಟ್ಟುಕೊಳ್ಳುವ ರೂಢಿಯಿಂದ ಅವರಿಗೆ ‘ಫಾಸಿಲ್‌ಮ್ಯಾನ್’ ಎಂಬ ಅಡ್ಡಹೆಸರು ಬಂದಿತು.

ಈ ಆಟದ ಪ್ರಸಿದ್ಧವಾದ ಪ್ರಕಾರದಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆಗಳನ್ನು ಹಂಚುತ್ತಾರೆ. ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ಹಂತಹಂತವಾಗಿ ಮೇಜಿನ ಮೇಲೆ ತೆರೆದಿಡುತ್ತಾರೆ. ಪಂದ್ಯಾವಳಿಯಲ್ಲಿ ಎಲ್ಲರೂ ಗೊತ್ತಾದ ಪ್ರವೇಶಧನವನ್ನು ತೆತ್ತು, ಸಮಸಂಖ್ಯೆಯ ಬಿಲ್ಲೆಗಳನ್ನು ಪಡೆದು ಕುಳಿತುಕೊಳ್ಳುತ್ತಾರೆ. ಬಿಲ್ಲೆಗಳು ತೀರಿದವನು ಎದ್ದು ಹೋಗಬೇಕು. ಕೊನೆಗೆ ಉಳಿದವನೇ ವಿಜಯಿ. 2004ರಲ್ಲಿ ಲಾಸ್ ವೇಗಸ್ ನಗರದಲ್ಲಿ ನಡೆದ ‘ವರ್ಲ್ಡ್ ಸೀರೀಸ್’ ಎಂಬ ಪಂದ್ಯಾವಳಿಯ ಮುಖ್ಯ ಸ್ಪರ್ಧೆಗೆ ಪ್ರವೇಶಧನವು 10,000 ಡಾಲರುಗಳಾಗಿದ್ದಿತು. ರೇಮರರು ಅಂತರಜಾಲದಲ್ಲಿ 160 ಡಾಲರುಗಳ ಒಂದು ಚಿಕ್ಕ ಪಂದ್ಯವನ್ನು ಗೆದ್ದು ಆ ಪ್ರವೇಶವನ್ನು ಸಂಪಾದಿಸಿದರು. ಅಲ್ಲಿ ನೆರೆದಿದ್ದ 2,576 ಮಂದಿಯಲ್ಲಿ ಅವರೇ ಕೊನೆಯವರೆಗೆ ನಿಂತು 50 ಲಕ್ಷ ಡಾಲರುಗಳನ್ನು ಗೆದ್ದರು. ಬಳಿಕವೇ ಅವರು ವಕೀಲಿಯನ್ನು ಬಿಟ್ಟು ಆಟವನ್ನು ವೃತ್ತಿಯಾಗಿ ಮಾಡಿಕೊಂಡದ್ದು.

ಇದು ಕೇವಲ ಅದೃಷ್ಟವೇ ಎಂದು ವಾಚಕರು ಕೇಳಬಹುದು. ಮರುವರ್ಷ 5,619 ಮಂದಿ ಸೇರಿದ್ದ ಅದೇ ಸ್ಪರ್ಧೆಯಲ್ಲಿ ಅವರು 25ನೆಯವರಾದರು. 2012ರಲ್ಲಿ ‘ಹಾರ್ಟ್‌ಲ್ಯಾಂಡ್’ ಎಂಬ ಪಂದ್ಯಸರಣಿಯಲ್ಲಿ ಒಂದೇ ಋತುವಿನಲ್ಲಿ ನಾಲ್ಕು ಮುಖ್ಯ ಸ್ಪರ್ಧೆಗಳನ್ನು ಗೆದ್ದರು. ಗಣಿತಜ್ಞಾನಕ್ಕೂ ಎದುರಾಳಿಯ ಸ್ವಭಾವಪರಿಚಯಕ್ಕೂ ಇಲ್ಲಿ ಬೆಲೆಯುಂಟೆಂಬುದು ಇದರಿಂದ ಸ್ಪಷ್ಟ. ತಾರೆಮರದ ಎಲೆಕಾಯಿಗಳನ್ನು ನೋಟಮಾತ್ರದಿಂದ ಎಣಿಸಿದ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲಲ್ಲವೆ, ನಳನು ಕಳೆದುಕೊಂಡ ರಾಜ್ಯವನ್ನು ಮರಳಿ ಗೆದ್ದದ್ದು? ಆದರೂ ಆ ಮುಖ್ಯ ಸ್ಪರ್ಧೆಯ ಪ್ರಥಮ ಬಹುಮಾನವು ರೇಮರರಿಗೆ ಎರಡನೆಯ ಸಲ ಒದಗಲಿಲ್ಲ. ಬಲ್ಲವನಾದರೂ ಅನೇಕ ಸಲ ಸೋಲಲೇಬೇಕು. 2004ರ ಸ್ಪರ್ಧೆಯಲ್ಲಿಯೂ ಹತ್ತರಲ್ಲಿ ಒಂಬತ್ತು ಮಂದಿ ಬರಿಗೈಯಲ್ಲಿ ಹಿಂದಿರುಗಿದರು.

ಗೃಹಸ್ಥರು ವಿಶೇಷವಾಗಿ ಮನಗಾಣಬೇಕಾದದ್ದು ಲೆಕ್ಕದ ಸಂಗತಿ. ಒಬ್ಬನು ವರ್ಷಕ್ಕೆ ಇಪ್ಪತ್ತು ಪಂದ್ಯಗಳಿಗೆ ಸಾವಿರದಂತೆ 20,000 ಡಾಲರು ಪ್ರವೇಶಧನವನ್ನು ತೆತ್ತನೆಂದೂ, ಪ್ರಯಾಣಕ್ಕೂ ವಸತಿಗೂ 6,000 ವೆಚ್ಚ ಮಾಡಿದನೆಂದೂ, ಮೂರು ಪಂದ್ಯಗಳಲ್ಲಿ ಒಟ್ಟು 24,000 ಗೆದ್ದನೆಂದೂ ಭಾವಿಸೋಣ. ಲೋಕಕ್ಕೆ ಪ್ರಕಟವಾಗುವುದು 24,000ದ ಗೆಲುವು. ಮನೆಯ ಜಮಾಖರ್ಚಿನಲ್ಲಿ ಕಾಣುವುದು 2,000ದ ನಷ್ಟ. ಇಂತಹ ವರ್ಷಗಳು ಎರಡು ಮೂರು ಒಂದರ ಹಿಂದೊಂದು ಬಂದರೆ, ಬೇರೆ ಸಂಬಳವಿಲ್ಲದವನ ಹೆಂಡತಿಮಕ್ಕಳ ಗತಿಯೇನು? ಆದುದರಿಂದಲೇ ವಿವೇಕಿಗಳಾದ ಆಟಗಾರರು ಆಟದ ಹಣವನ್ನು ಮನೆಯ ಹಣದಿಂದ ಬೇರೆಯಾಗಿರಿಸುತ್ತಾರೆ. ಅದು ತೀರಿದ ದಿನ ಆಟವನ್ನು ನಿಲ್ಲಿಸುತ್ತಾರೆ. ಧರ್ಮರಾಯನ ಪಣಕ್ಕೆ ಇಂತಹ ಎಲ್ಲೆಯಿರಲಿಲ್ಲ. ಹೊನ್ನಿನಿಂದ ಮೊದಲಾದದ್ದು ತಮ್ಮಂದಿರನ್ನು ದಾಟಿ ದ್ರೌಪದಿಯವರೆಗೆ ಹೋಯಿತು. ಒಂದು ಪಂದ್ಯದ ನಷ್ಟಕ್ಕೆ ಪ್ರವೇಶಧನವೇ ಎಲ್ಲೆಯಾದರೂ, ನಾಳಿನ ಪಂದ್ಯಕ್ಕೆ ಮತ್ತೆ ತೆರುವ ಕೈಯನ್ನು ತಡೆಯಬೇಕಾದವನು ಆಟಗಾರನೇ.

ನಮ್ಮ ನಾಡಿಗೂ ಈ ಪ್ರಶ್ನೆ ದೂರದ್ದಲ್ಲ. 2021ರಲ್ಲಿ ಕರ್ನಾಟಕ ಸರ್ಕಾರವು ಪೋಲೀಸು ಕಾಯಿದೆಯನ್ನು ತಿದ್ದಿ, ಹಣವೊಡ್ಡುವ ಅಂತರಜಾಲದ ಆಟಗಳನ್ನು ನಿಷೇಧಿಸಿತು. 2022ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯಾಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಅಂತಹ ಆಟಗಳನ್ನು ದೇಶದಲ್ಲೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆಯು ತನ್ನ ಕೆಲಸವನ್ನು ಮಾಡಲಿ. ಮನೆಯ ಹಿರಿಯರಾದ ನಾವು ಮಾಡಬಹುದಾದ ಕೆಲಸವೂ ಒಂದುಂಟು. 50 ಲಕ್ಷದ ಕಥೆಯನ್ನು ಕೇಳಿ ಮರುಳಾದ ತರುಣರಿಗೆ, ಆ ವಕೀಲರು ಗೆಲ್ಲುವ ದಿನದವರೆಗೂ ಸಂಬಳದ ಉದ್ಯೋಗವನ್ನು ಬಿಟ್ಟಿರಲಿಲ್ಲವೆಂಬುದನ್ನೂ, ಅದೇ ಸ್ಪರ್ಧೆಯಲ್ಲಿ ಸೋತು ಮನೆಗೆ ಹೊರಟ ಉಳಿದ 2,575 ಮಂದಿಯ ವಿಷಯವನ್ನೂ ಸೇರಿಸಿ ಹೇಳಬೇಕು.