ದೀಪವು ಆರಿತೇ, ಆರಿತ್ತೇ?

ಪ್ರಯೋಗಶಾಲೆಯ ದಾಖಲೆಯಲ್ಲಿ ಬರಬಹುದಾದ ಎರಡು ವಾಕ್ಯಗಳನ್ನು ಪರಿಶೀಲಿಸೋಣ. ‘ಗುಂಡಿಯನ್ನು ಒತ್ತಿದಾಗ ದೀಪವು ಆರಿತು’. ‘ಗುಂಡಿಯನ್ನು ಒತ್ತಿದಾಗ ದೀಪವು ಆರಿತ್ತು’. ಇವೆರಡಕ್ಕೂ ಇರುವ ಭೇದ ಒಂದು ತಕಾರದ ದ್ವಿತ್ವ ಮಾತ್ರ. ಆದರೂ ಮೊದಲನೆಯ ವಾಕ್ಯವನ್ನು ಓದಿದವರು ದೀಪವಾರಲು ಗುಂಡಿಯೇ ಕಾರಣವೆಂದು ತಿಳಿಯುವರು. ಎರಡನೆಯದು ಗುಂಡಿಯನ್ನು ನಿರ್ದೋಷಿಯೆಂದು ಸಾರುತ್ತದೆ. ಕಾರ್ಯವು ಕಾರಣಕ್ಕಿಂತ ಮುಂಚೆ ನಡೆಯಲಾರದಷ್ಟೆ! ದಾಖಲೆಯಲ್ಲಿ ಈ ಅಕ್ಷರ ತಪ್ಪಿದರೆ ಇಲ್ಲದ ದೋಷವನ್ನು ಹುಡುಕುತ್ತ ಒಂದು ದಿನವೇ ಕಳೆದೀತು.

‘ಆರಿ’ ಎಂಬ ಕೃದಂತಕ್ಕೆ ‘ಇತ್ತು’ ಸೇರಿದುದೇ ‘ಆರಿತ್ತು’. ಇದು ಪೂರ್ಣಭೂತ. ಕಳೆದುಹೋದ ಕಾಲದಲ್ಲಿ ಒಂದು ಗಳಿಗೆಯನ್ನು ಗುರುತಿಸಿ, ಅದಕ್ಕೂ ಹಿಂದೆಯೇ ಮುಗಿದ ಕ್ರಿಯೆಯನ್ನು ಇದು ಹೇಳುತ್ತದೆ. ಮುಂಡರಗಿಯ ಬಸ್ಸು ಗದಗನ್ನು ಸೇರಿದಾಗ ರೈಲು ‘ಹೊರಟಿತು’ ಎಂದರೆ ಓಡಿಹೋಗಿ ಹತ್ತುವ ಆಸೆಯಾದರೂ ಉಂಟು. ‘ಹೊರಟಿತ್ತು’ ಎಂದರೆ ಅದೂ ಇಲ್ಲ.

ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಹತ್ತನೆಯ ಶತಮಾನದ ಪಂಪನು ತನ್ನ ಭಾರತದಲ್ಲಿ ಇಲ್ಲಿನ ಕನ್ನಡದ ಹೆಸರನ್ನೆತ್ತಿ ಹೇಳಿದ್ದಾನೆ. ಹಳಗನ್ನಡದ ‘ಬಂದಿರ್ದಂ’ ಎಂಬುದರಲ್ಲಿ ‘ಇರ್’ ಧಾತುವು ಎದ್ದು ಕಾಣುತ್ತದೆ. ನಮ್ಮ ‘ಬಂದಿದ್ದನು’ ಎಂಬುದರಲ್ಲಿ ಅದರ ರೇಫವು ದಕಾರದಲ್ಲಿ ಅಡಗಿದೆ.

ಹಾಲೆಂಡಿನವರ ಡಚ್ ಭಾಷೆಯಲ್ಲಿಯೂ ಪೂರ್ಣಭೂತಕ್ಕೆ ಎರಡು ಪದಗಳು ಬೇಕು. ಆದರೆ ಅವು ಒಂದೆಡೆ ನಿಲ್ಲುವುದಿಲ್ಲ. ‘ನಾನು ಪುಸ್ತಕವನ್ನು ಓದಿದ್ದೆನು’ ಎಂಬುದಕ್ಕೆ ಅವರು ‘ಇಕ್ ಹಾತ್ ಹೆತ್ ಬೂಕ್ ಗೆಲೇಜೆನ್’ ಎನ್ನುವರು. ಪದಶಃ ಹೇಳುವುದಾದರೆ, ‘ನಾನು ಇದ್ದೆನು ಪುಸ್ತಕವನ್ನು ಓದಿ’! (‘ಹಾತ್’ ಎಂಬುದರ ಮೂಲಾರ್ಥ ‘ಹೊಂದಿದ್ದೆನು’ ಎಂದು; ಹೋಗು, ಬರು ಮೊದಲಾದ ಕ್ರಿಯೆಗಳಿಗೆ ಅವರೂ ನಮ್ಮಂತೆ ‘ಇರು’ ಧಾತುವನ್ನು ಬಳಸುವುದುಂಟು.) ಸಹಾಯಕ ಕ್ರಿಯಾಪದವು ವಾಕ್ಯದ ಎರಡನೆಯ ಸ್ಥಾನದಲ್ಲಿ, ಕೃದಂತವು ಕೊನೆಯಲ್ಲಿ.

ಇದೇ ವಾಕ್ಯವನ್ನು ಉಪವಾಕ್ಯವಾಗಿಸಿದರೆ ಸ್ವಾರಸ್ಯವಿದೆ. ‘ಓಮ್‌ದಾತ್ ಇಕ್ ಹೆತ್ ಬೂಕ್ ಗೆಲೇಜೆನ್ ಹಾತ್’ — ‘ಏಕೆಂದರೆ ನಾನು ಪುಸ್ತಕವನ್ನು ಓದಿ ಇದ್ದೆನು’. ಸಹಾಯಕ ಕ್ರಿಯಾಪದವು ಎರಡನೆಯ ಸ್ಥಾನವನ್ನು ಬಿಟ್ಟು ಕೊನೆಗೆ ಬಂದು ನಿಂತಿತು. ಕ್ರಮವು ಕನ್ನಡದ್ದೇ ಆಯಿತು! ಡಚ್ಚಿನ ಸೋದರಭಾಷೆಯಾದ ಜರ್ಮನಿನಲ್ಲಿಯೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ನಿನ ಜರ್ಮನ್ ಮಾತಿನವರಿಗೆ, ಕೊನೆಯ ಕ್ರಿಯಾಪದಕ್ಕಾಗಿ ಕಾಯುವುದು ಹೊಸದೇನೂ ಆಗಿರಲಾರದು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ಡಚ್ಚಿನಲ್ಲಿ ಉಪವಾಕ್ಯದ ಗುರುತು ಆರಂಭದಲ್ಲಿಯೇ ಬರುತ್ತದೆ. ‘ಓಮ್‌ದಾತ್’ ಎಂದೊಡನೆ ಕೇಳುವವನು ಎಚ್ಚರಗೊಳ್ಳುತ್ತಾನೆ. ಕನ್ನಡದಲ್ಲಿ ‘ಓದಿದ್ದುದರಿಂದ’, ‘ಓದಿದ್ದಾಗ’ ಎಂದು ಆ ಗುರುತು ಕ್ರಿಯಾಪದದ ಬಾಲಕ್ಕೇ ಅಂಟುತ್ತದೆ. ಅಲ್ಲಿಯವರೆಗೆ ಇದು ಉಪವಾಕ್ಯವೋ ಪ್ರಧಾನವಾಕ್ಯವೋ ತಿಳಿಯದು. ಇನ್ನು, ಉಪವಾಕ್ಯದ ಕೊನೆಯಲ್ಲಿ ಡಚ್ಚರು ‘ಗೆಲೇಜೆನ್ ಹಾತ್’ ಎಂದರೂ ಸರಿ, ‘ಹಾತ್ ಗೆಲೇಜೆನ್’ ಎಂದರೂ ಸರಿ. ನಮ್ಮಲ್ಲಿ ಎರಡೂ ಬೆಸೆದು ಒಂದೇ ಪದವಾಗಿರುವುದರಿಂದ ಆ ಸ್ವಾತಂತ್ರ್ಯವಿಲ್ಲ.